ಗಲಗಲಿಯವರು ನುಂಗಿದ ಎರಡು ಗುಟುಕು

ವ್ಯಾಸರಾಜ ಗಲಗಲಿಯವರಷ್ಟು ಮರ್ಯಾದೆಯಿಂದ ಉಗುಳುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ನಾಗಪುರದ ಹೊರಗಿನ ಬುಟಿಬೋರಿಯ ಬಿಯರ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ, ಬೆಳಗಿನ ಹನ್ನೊಂದಕ್ಕೆ ಸರಿಯಾಗಿ, ಅವರು ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿ, ಒಂದು ಗುಟುಕನ್ನು ಬಾಯಿಗೆ ತೆಗೆದುಕೊಂಡು, ಬಲಗೆನ್ನೆಯಿಂದ ಎಡಗೆನ್ನೆಗೂ ಎಡಗೆನ್ನೆಯಿಂದ ಬಲಗೆನ್ನೆಗೂ ಸಾವಕಾಶವಾಗಿ ಹೊರಳಿಸಿ, ಆಮೇಲೆ ನಮ್ಮೆಲ್ಲರಿಗೂ ಬೆನ್ನು ತಿರುಗಿಸಿ, ಎಡಗೈಯನ್ನು ಬಾಯಿಗೆ ಮರೆಮಾಡಿ, ಮೂಲೆಯ ಉಕ್ಕಿನ ತೊಟ್ಟಿಯಲ್ಲಿ ಒಂದಿಷ್ಟೂ ಸದ್ದಿಲ್ಲದಂತೆ ಬಿಟ್ಟುಬಿಡುತ್ತಿದ್ದರು. ಅಡಿಕೆ ತಂಬಾಕಿನ ಖರ್ರಾ ಜಗಿದು ಕಂಡಕಂಡ ಗೋಡೆಗೆ ಬಣ್ಣ ಬಳಿಯುವ ನಾಗಪುರದಲ್ಲಿ ಈ ದೃಶ್ಯವನ್ನು ಮೊದಲ ಬಾರಿ ನೋಡಿದಾಗ, ಉಗುಳುವುದಕ್ಕೂ ಒಂದು ಸಂಸ್ಕಾರವಿದೆ ಎಂದು ನನಗೆ ತಿಳಿದುಬಂತು. ಅದು ತೊಂಬತ್ತೆಂಟನೆಯ ಇಸವಿ. ಮೈಸೂರಿನಿಂದ ರೈಲ್ವೆ ನೌಕರನಾದ ಗಂಡನ ಹಿಂದೆ ಬಂದಿದ್ದ ನಾನು, ರಸಾಯನಶಾಸ್ತ್ರದ ಪದವಿಯೊಂದನ್ನು ಮುಂದೆ ಹಿಡಿದು, ಅವರ ಕೈಕೆಳಗೆ ಕೆಲಸಕ್ಕೆ ಸೇರಿದ್ದೆ. ನೆಂಟರಿಷ್ಟರಿಗೆ ಮಾತ್ರ ಆಹಾರ ಸಂಸ್ಕರಣೆಯ ಕಾರ್ಖಾನೆ ಎಂದು ಹೇಳಿಕೊಂಡಿದ್ದೆ.

ಗಲಗಲಿಯವರು ಬಿಜಾಪುರದ ಕಡೆಯವರು. ಎತ್ತರದ ಆಳು, ತೆಳ್ಳಗಿನ ಕತ್ತು, ಹಣೆಯ ಮೇಲೆ ಅಂಗಾರ ಅಕ್ಷತೆ. ನಡೆಯುವಾಗ ಗದ್ದವನ್ನು ಕೊಂಚ ಮೇಲೆತ್ತಿ ತುಟಿಗಳನ್ನು ಬಿಗಿದುಕೊಂಡಿರುತ್ತಿದ್ದರಾದ್ದರಿಂದ, ಸದಾ ಬಾಯಿತುಂಬ ಏನನ್ನೋ ಹೊತ್ತು ಸಾಗುತ್ತಿರುವವರಂತೆ ಕಾಣುತ್ತಿತ್ತು. ಮೇ ತಿಂಗಳ ಬಿಸಿಲಿಗೆ ನಾಗಪುರದ ಕಾಗೆಗಳೂ ನೆರಳು ಬಿಟ್ಟು ಏಳದ ಮಧ್ಯಾಹ್ನಗಳಲ್ಲಿಯೂ ಅವರ ಮೈಮೇಲೊಂದು ಕಂದುಬಣ್ಣದ ಉಣ್ಣೆಯ ಕೋಟು ಇರಲೇಬೇಕು. ಅದರ ಬಲಗಿಸೆಯಲ್ಲಿ ಚುರಮುರಿ. ಒಂದು ಮಾದರಿಗೂ ಇನ್ನೊಂದಕ್ಕೂ ನಡುವೆ ಬಾಯಿ ಶುದ್ಧವಾಗಲೆಂದು ಬೇರೆ ಕಡೆ ರೊಟ್ಟಿಯ ಚೂರು ತಿನ್ನುತ್ತಾರಂತೆ. ಇವರು ನಾಲ್ಕು ಕಾಳು ಚುರಮುರಿ ಹಾಕಿಕೊಂಡು, ನಮಗೂ ತಲಾ ನಾಲ್ಕು ಕಾಳು ಹಂಚುತ್ತಿದ್ದರು. ಐದನೆಯದನ್ನು ಕೇಳಿದರೆ ಕೊಡುತ್ತಿರಲಿಲ್ಲ.

ಇಂಥ ಮಡಿವಂತ ಈ ಕಸುಬಿಗೆ ಬಂದದ್ದು ಹೇಗೆಂಬುದನ್ನು ಅವರ ಹೆಂಡತಿ ತುಂಗಾಬಾಯಿಯೇ ನನಗೆ ಹೇಳಿದ್ದರು. ಮೊದಲು ಬಿಸ್ಕಿಟಿನ ಕಾರ್ಖಾನೆಯೊಂದರಲ್ಲಿ ಕೆಲಸ. ಅದು ಮುಚ್ಚಿ ಎಂಟು ತಿಂಗಳು ಮನೆಯಲ್ಲಿ ಕುಳಿತ ಮೇಲೆ ತೊಂಬತ್ತೊಂದರಲ್ಲಿ ದೊರೆತ ನೌಕರಿ ಇದು. ಆಗ ತುಂಗಾಬಾಯಿ ದೇವರ ಮುಂದೆ ಗಂಡನಿಂದ ಮಾತು ತೆಗೆದುಕೊಂಡಿದ್ದರು. "ಹೊಟ್ಟಿಗಾಗಿ ಬಾಯಾಗ ಹಾಕ್ಕೋರಿ, ಗಂಟಲದಾಗ ಇಳಸಬ್ಯಾಡ್ರಿ." ಅಂದಿನಿಂದ ಒಂದು ಹನಿಯೂ ಇಳಿದಿರಲಿಲ್ಲ. ಬಿಯರಿನ ಕಹಿ ಪೂರ್ತಿಯಾಗಿ ತಿಳಿಯುವುದು ನುಂಗಿದ ಮೇಲೆಯೇ ಎಂದು ಕಸುಬಿನವರೆಲ್ಲ ಬಲ್ಲರು. ಆದ್ದರಿಂದ ರುಚಿ ನೋಡುವವರು ನುಂಗಲೇಬೇಕೆಂಬುದು ಎಲ್ಲ ಕಡೆಯ ನಿಯಮ. ರುಚಿಯ ಮೇಜಿನಲ್ಲಿ ಅವರ ಜೊತೆಗಿದ್ದ ನಾವು ನಾಲ್ವರು ನುಂಗುತ್ತಿದ್ದೆವು. ಗಲಗಲಿಯವರಿಗೆ ಮಾತ್ರ ವಿನಾಯಿತಿ. ನಮ್ಮ ಮಾಮೂಲಿ ಬಿಯರಿನಲ್ಲಿ ಕಹಿಯೆಂಬುದು ನೆಪಕ್ಕಷ್ಟೇ ಇರುತ್ತಿದ್ದುದರಿಂದ, ಉಗುಳಿಯೂ ಅವರ ತೀರ್ಪು ಎಂದೂ ತಪ್ಪಿರಲಿಲ್ಲ.

ಆ ನಾಲಿಗೆಯ ಮಹಿಮೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. ಪುಸ್ತಕದ ಪಾರಿಭಾಷಿಕ ಪದಗಳನ್ನು ಅವರು ಮುಟ್ಟುತ್ತಿರಲಿಲ್ಲ. "ಇದರಾಗ ಕುದಿಸಿದ ಗೋವಿನಜೋಳದ ವಾಸನಿ ಅದ" ಎನ್ನುವರು. ಹೋಗಿ ನೋಡಿದರೆ ಕುದಿಯುವ ಹಂಡೆಯ ಆವಿ ಹೊರಬೀಳುವ ಕೊಳವೆ ಕಟ್ಟಿಕೊಂಡಿರುತ್ತಿತ್ತು. "ತೊಯ್ದ ರದ್ದಿ ಪೇಪರ" ಎಂದರೆ ಬಾಟಲಿಗೆ ಗಾಳಿ ಹೊಕ್ಕಿದೆಯೆಂದೇ ಅರ್ಥ. "ಬೆಣ್ಣಿ" ಎಂದರೆ ಇನ್ನೂ ನಾಲ್ಕು ದಿನ ತೊಟ್ಟಿಯಲ್ಲೇ ಇರಲಿ ಎಂದು. ಏಕಾದಶಿಯ ದಿನ ಅವರು ನೀರನ್ನೂ ಮುಟ್ಟುತ್ತಿರಲಿಲ್ಲವಾದ್ದರಿಂದ ಅಂದು ಯಾವ ತೊಟ್ಟಿಗೂ ಬಿಡುಗಡೆಯಿಲ್ಲ. ನಮ್ಮ ಜನರಲ್ ಮ್ಯಾನೇಜರ್ ಕಾಶೀನಾಥ ದೇಶಮುಖರು, ಕನ್ನಡದ ಒಂದಕ್ಷರ ಬಾರದ ಮನುಷ್ಯ, ತಮ್ಮ ಕೋಣೆಯಲ್ಲಿ ಮಠದ ಪಂಚಾಂಗವೊಂದನ್ನು ತೂಗುಹಾಕಿಕೊಂಡು, ಏಕಾದಶಿಗಳ ಸುತ್ತ ಗಲಗಲಿಯವರಿಂದ ಕೆಂಪು ಗೆರೆ ಹಾಕಿಸಿಕೊಂಡಿದ್ದರು. ಲಾರಿಗಳು ಆ ಗೆರೆ ನೋಡಿ ಹೊರಡುತ್ತಿದ್ದವು. ಇಡೀ ದೇಶದಲ್ಲಿ ಹರಿದಿನ ಆಚರಿಸುತ್ತಿದ್ದ ಬಿಯರ್ ಕಾರ್ಖಾನೆ ನಮ್ಮದೊಂದೇ ಇದ್ದಿರಬೇಕು.

ಇಂಥವರ ಸುತ್ತ ಒಂದು ರೂಢಿ ತಾನಾಗಿ ಬೆಳೆಯುತ್ತದೆ. ಪ್ರತಿಯೊಬ್ಬರೂ ಮೌನವಾಗಿ ರುಚಿ ನೋಡಿ ಪ್ರತ್ಯೇಕವಾಗಿ ಬರೆಯಬೇಕೆಂದು ನಿಯಮವಿದ್ದರೂ, ನಮ್ಮ ಕೋಣೆಯಲ್ಲಿ ಮೊದಲು ಗಲಗಲಿಯವರು ಬಾಯಿಬಿಟ್ಟು ಹೇಳುವುದು, ಉಳಿದ ನಾಲ್ವರು ಅದನ್ನೇ ತಮ್ಮ ತಮ್ಮ ಹಾಳೆಯಲ್ಲಿ ಇಳಿಸಿ ಸಹಿ ಹಾಕುವುದು ಎಂದಾಗಿಹೋಗಿತ್ತು. ಇದು ಅವರು ಹೇರಿದ್ದಲ್ಲ. ಗೌರವವೂ ಸೋಮಾರಿತನವೂ ಸಮಪಾಲಿನಲ್ಲಿ ಬೆರೆತ ಈ ಏರ್ಪಾಡು ನಮಗೇ ಹಿತವಾಗಿತ್ತು.

ಎರಡು ಸಾವಿರದ ಐದರ ಚಳಿಗಾಲದಲ್ಲಿ ನಂದೀಶ ಬಂದ. ತುಮಕೂರಿನ ಹುಡುಗ, ಸ್ಕಾಟ್ಲೆಂಡಿನಲ್ಲಿ ಬಿಯರ್ ತಯಾರಿಕೆ ಕಲಿತು ಬಂದವನು. ಅವನ ಹೆಂಡತಿ ಸ್ವಪ್ನಾ ಊರಿನ ಶಾಲೆಯ ಕೆಲಸ ಬಿಟ್ಟು ಆಗಷ್ಟೇ ನಾಗಪುರಕ್ಕೆ ಬಂದಿದ್ದಳು. ಅವನ ತಲೆಯಲ್ಲಿದ್ದುದು ಒಂದೇ ಹುಚ್ಚು: ಡಬಲ್ ಐಪಿಎ. ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ನಾವು ಮಾಮೂಲಿಯಾಗಿ ಹಾಕುವ ಐದಾರು ಪಟ್ಟು ಸುರಿದು, ಮದ್ಯದ ಅಂಶವನ್ನು ಕಾನೂನು ಬಿಡುವಷ್ಟು ಏರಿಸಿ ಮಾಡುವ ಗಟ್ಟಿ ಬಿಯರ್ ಅದು. ದೇಶಮುಖರು ಬಹಳ ಯೋಚಿಸಿ, ಮೊದಲು ಒಂದು ಸಣ್ಣ ತೊಟ್ಟಿ, ಅದು ಒಪ್ಪಿಗೆಯಾದರೆ ಒಂದು ದೊಡ್ಡ ತೊಟ್ಟಿ, ಅದಕ್ಕಿಂತ ಹೆಚ್ಚಿಲ್ಲ ಎಂದು ಕೊಟ್ಟರು.

ಸಣ್ಣ ತೊಟ್ಟಿಯ ಬಿಯರು ನಮ್ಮ ಮೇಜಿಗೆ ಬಂದ ಬೆಳಗು ನನಗೆ ಚೆನ್ನಾಗಿ ನೆನಪಿದೆ. ತಾಮ್ರದ ಬಣ್ಣ, ಕೆನೆಯಂಥ ನೊರೆ. ನಂದೀಶ ಗೋಡೆಗೆ ಒರಗಿ ಉಗುರು ಕಚ್ಚುತ್ತ ನಿಂತಿದ್ದ. ಗಲಗಲಿಯವರು ನೋಡಿದರು, ಮೂಸಿದರು, ಹೊರಳಿಸಿದರು, ತಿರುಗಿ ಉಗುಳಿದರು.

"ಮೃಗ್ ಬಹಾರದ ಸಂತ್ರಾ ಸಿಪ್ಪಿ," ಎಂದರು. ಮೃಗ್ ಬಹಾರವೆಂದರೆ ಫೆಬ್ರವರಿಯ ಹೊತ್ತಿಗೆ ನಾಗಪುರದ ಪೇಟೆಗೆ ಬರುವ ಕಿತ್ತಳೆಯ ಫಸಲು. "ಆಮ್ಯಾಲ ಮಾವಿನಕಾಯಿ ಸೊನಿ. ಭಾಳ ಚಲೋ ಅದ, ನಂದೀಶಪ್ಪಾ. ಕಹಿ ಸೌಮ್ಯ ಅದ. ಇನ್ನೂ ಸ್ವಲ್ಪ ಹಾಕಿದರೂ ತಡಕೋತದ."

ನಾನು ನುಂಗಿದೆ. ಮೊದಲು ಸಿಹಿ, ಬೆಲ್ಲದ ಪಾಕದ ಅಂಚಿನಂಥದು; ಅದರ ಬೆನ್ನಿಗೇ ಅವರು ಹೇಳಿದ ಕಿತ್ತಳೆಯ ಸಿಪ್ಪೆ. ಇಳಿದುಹೋಯಿತು ಎಂದುಕೊಳ್ಳುವಷ್ಟರಲ್ಲಿ ನಾಲಿಗೆಯ ಬುಡದಿಂದ ಕಹಿ ಎದ್ದಿತು, ಏರಿತು, ಏರಿ ಅಲ್ಲೇ ನಿಂತಿತು. ಅದೊಂದು ಗಂಭೀರವಾದ, ಬೆಲೆಯುಳ್ಳ ಕಹಿಯೇ ಹೌದು. ಆದರೆ ಅಂಚಿನ ಮೇಲಿತ್ತು, ಇನ್ನೊಂದು ಹಿಡಿ ಹೂವನ್ನೂ ಅದು ತಾಳುವಂತಿರಲಿಲ್ಲ. ಮಧ್ಯಾಹ್ನದ ಮೊಸರನ್ನದವರೆಗೂ ನನ್ನ ಬಾಯಲ್ಲಿ ಅದು ಉಳಿದಿತ್ತು. ನನ್ನ ಹಾಳೆಯಲ್ಲಿ ನಾನು ಬರೆದದ್ದು: ಕಹಿ ಸೌಮ್ಯ, ಹೆಚ್ಚಿಸಬಹುದು. ಉಳಿದ ಮೂವರೂ ಅದನ್ನೇ ಬರೆದರು.

ನಂದೀಶನಿಗೆ ಮೊದಲೇ ಕಹಿಯ ವ್ಯಾಮೋಹ. ಇಲ್ಲಿಯ ಜನ ಒಗ್ಗಿಸಿಕೊಂಡಾರೆಯೇ ಎಂಬ ಒಂದು ಅಳುಕು ಮಾತ್ರ ಅವನನ್ನು ಹಿಡಿದಿಟ್ಟಿತ್ತು. ಐದು ಸಹಿಗಳು ಆ ಅಳುಕನ್ನೂ ತೆಗೆದುಹಾಕಿದವು. ದೊಡ್ಡ ತೊಟ್ಟಿಗೆ ಅವನು ಒಂದೂವರೆ ಪಟ್ಟು ಹಾಪ್ಸ್ ಹಾಕಿದ.

ಆ ತೊಟ್ಟಿಯ ರುಚಿ ನೋಡಲು ಮುಂಬಯಿಯ ದೊಡ್ಡ ಹೋಟೆಲುಗಳವರು ಬಂದದ್ದು ಏಕಾದಶಿಯ ದಿನ. ವಿಮಾನದವರು ನಮ್ಮ ಪಂಚಾಂಗ ನೋಡುವುದಿಲ್ಲವಲ್ಲ. ಗಲಗಲಿಯವರು ಮನೆಯಲ್ಲಿದ್ದುದರಿಂದ ಅದು ಇನ್ನೂ ನಮ್ಮ ಮೇಜಿಗೆ ಬಂದಿರಲಿಲ್ಲ. ಬಂದವರೆಲ್ಲ ಒಂದೊಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಯಾರೂ ಎರಡನೆಯ ಸಲ ಎತ್ತಲಿಲ್ಲ. ಒಬ್ಬ ಹೆಣ್ಣುಮಗಳು ಮೆಲ್ಲನೆ ನೀರು ಕೇಳಿದಳು. ಅವರು ಹೊರಟುಹೋದ ಮೇಲೆ ದೇಶಮುಖರು ಇದೇನು ಮಾಡಿಟ್ಟಿದ್ದೀಯ ಎಂದು ಹಿಂದಿಯಲ್ಲಿ ತಣ್ಣಗೆ ಕೇಳಿದರು. ನಂದೀಶ ನಮ್ಮ ಹಾಳೆಗಳನ್ನು ತೋರಿಸಿದ. ಬಿಯರು ಮಾಡಿದವನು ನೀನು, ಹಾಳೆಯಲ್ಲ, ಶನಿವಾರದೊಳಗೆ ವಿವರಣೆ ಬರೆದುಕೊಡು ಎಂದರು ದೇಶಮುಖರು. ವಿವರಣೆ ಏನಿದ್ದರೂ ಅವನನ್ನು ಮನೆಗೆ ಕಳಿಸುವುದು ನಿಶ್ಚಯವಾಗಿತ್ತೆಂಬುದು ಎಲ್ಲರಿಗೂ ಕಾಣುತ್ತಿತ್ತು. ನಮ್ಮಲ್ಲಿ ಯಾರಿಗಾದರೂ ಬೇರೆ ಅಭಿಪ್ರಾಯವಿತ್ತೇ ಎಂದೂ ಅವರು ಕೇಳಿದರು. ನಾವು ನಾಲ್ವರೂ ನೆಲ ನೋಡಿದೆವು.

ಮರುದಿನ ದ್ವಾದಶಿ. ಪಾರಣೆ ಮುಗಿಸಿ ಬಂದ ಗಲಗಲಿಯವರಿಗೆ ನಡೆದದ್ದನ್ನು ನಾನೇ ಹೇಳಿದೆ. ಅವರು ನಿಂತೇ ಕೇಳಿಸಿಕೊಂಡರು.

"ಮೃಣಾಲಿನಿಬಾಯಿ, ಮೊದಲನೇ ಸಲ ನಿಮಗ ಹ್ಯಾಂಗ ಅನಿಸಿತ್ತು?"

"ಕಹಿಯಾಗಿತ್ತು ಸರ್. ತುಂಬಾ."

"ಮತ್ತ ಬರದದ್ದು?"

"ನೀವು ಹೇಳಿದ್ದನ್ನೇ ಬರೆದೆ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ದೊಡ್ಡ ತೊಟ್ಟಿಯ ಮಾದರಿಯನ್ನು ತರಿಸಿ, ಎಂದಿನಂತೆ ಹೊರಳಿಸಿ, ತಿರುಗಿ ಉಗುಳಿ, ಮೂಲೆಯ ಉಕ್ಕಿನ ತೊಟ್ಟಿಯ ಕಡೆಗೆ ನೋಡಿದರು. "ಈಗೂ ನನಗ ಅಂಥಾ ಕಹಿ ಅನಸವಲ್ದು," ಎಂದರು. "ಗಂಟಲಕ್ಕ ಗೊತ್ತಾಗೂದು ನಾಲಿಗಿಗೆ ಗೊತ್ತಾಗೂದಿಲ್ಲ." ಅವರ ಹೆಸರನ್ನು ಯಾರೂ ಎತ್ತಿರಲಿಲ್ಲ, ಎತ್ತುವವರೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಎಲ್ಲವೂ ನಂದೀಶನ ತಲೆಗೆ ಕಟ್ಟಿ ಮುಗಿದುಹೋಗುತ್ತಿತ್ತು.

ಸಂಜೆ ಕಾರ್ಖಾನೆಯ ಬಸ್ಸಿನಿಂದ ನಾವಿಬ್ಬರೂ ಪ್ರತಾಪನಗರದಲ್ಲಿ ಇಳಿಯುವವರು. ಇಳಿದ ಮೇಲೆ ಅವರು, "ಸ್ವಲ್ಪ ಮನೀಗೆ ಬರ್ರಿ. ನಮ್ಮ ಮನಿಯಾಕಿಗೆ ಇದನ್ನ ನೀವು ಹೇಳ್ರಿ. ನಾ ಹೇಳಿದರ ನನ್ನ ಕಡೆ ವಾಲಿಸಿ ಹೇಳ್ತೀನಿ" ಎಂದರು. ತುಂಗಾಬಾಯಿ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನು ಹೇಳಿದೆ, ಒಂದನ್ನೂ ಬಿಡದೆ, ನನ್ನ ಹಾಳೆಯಲ್ಲಿ ಬರೆದ ಸುಳ್ಳನ್ನೂ ಸೇರಿಸಿ. ಗಲಗಲಿಯವರು ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತಿದ್ದರು. ಆ ಎತ್ತರದ ಮನುಷ್ಯ ಹೆಂಡತಿಯ ಮುಂದೆ ಹಾಗೆ ನಿಂತದ್ದನ್ನು ನೋಡಿ ನನಗೆ ಅಳು ಬಂತು. ತುಂಗಾಬಾಯಿಯ ಬೆರಳುಗಳು ಮಾತ್ರ ನಿಲ್ಲಲಿಲ್ಲ.

"ಆ ಹುಡುಗನ ಹೆಂಡತಿ ಬಂದು ಎಷ್ಟು ದಿನ ಆತು?" ಎಂದು ಕೇಳಿದರು.

"ಮೂರು ತಿಂಗಳಾಯ್ತು," ಎಂದೆ.

ಅವರು ಗಂಡನ ಕಡೆ ನೋಡಿದರು. "ಕುಡೀಬ್ಯಾಡ್ರಿ ಅಂದಿದ್ದೆ ನಾ. ಗೊತ್ತಿಲ್ಲದ್ದಕ್ಕ ಸಹಿ ಹಾಕ್ರಿ ಅಂದಿದ್ದಿಲ್ಲ."

ಅಷ್ಟು ಹೇಳಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಅದನ್ನು ಅಪ್ಪಣೆಯೆನ್ನಬೇಕೋ ಆಕ್ಷೇಪಣೆಯೆನ್ನಬೇಕೋ ನನಗೆ ತಿಳಿಯಲಿಲ್ಲ. ಗಲಗಲಿಯವರಿಗೆ ತಿಳಿಯಿತು.

ಮರುದಿನ ಹನ್ನೊಂದಕ್ಕೆ ನಮ್ಮೆಲ್ಲರನ್ನೂ ಕರೆದರು. ನಂದೀಶನನ್ನೂ ಕರೆಸಿದರು. ಮೇಜಿನ ಮೇಲೆ ಎರಡು ಲೋಟ: ಒಂದರಲ್ಲಿ ದೊಡ್ಡ ತೊಟ್ಟಿಯದು, ಇನ್ನೊಂದರಲ್ಲಿ, ಪ್ರತಿ ಸಲದ ಬಿಯರಿನಿಂದಲೂ ನಾವು ತೆಗೆದಿಡುವ ಬಾಟಲಿಗಳ ಪೈಕಿ, ಮೊದಲ ಸಣ್ಣ ತೊಟ್ಟಿಯದು. ಮೊದಲ ಲೋಟವನ್ನು ಎತ್ತಿ, ನೋಡಿ, ಮೂಸಿ, ಬಾಯಲ್ಲಿ ಹೊರಳಿಸಿದರು. ನಮಗೆ ಬೆನ್ನು ತಿರುಗಿಸಲಿಲ್ಲ. ಆ ತೆಳ್ಳಗಿನ ಕತ್ತಿನಲ್ಲಿ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾವೆಲ್ಲರೂ ನೋಡಿದೆವು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅವರ ಕೈ ಮೇಜಿನ ಅಂಚನ್ನು ಹುಡುಕಿಕೊಂಡು ಹೋಯಿತು.

"ಬಂತು," ಎಂದರು. ಕಣ್ಣಲ್ಲಿ ನೀರಿತ್ತು. ಸ್ವಲ್ಪ ತಡೆದು, "ಇನ್ನೂ ಬರ್ಲಿಕತ್ತದ," ಎಂದರು.

ನಗು ಬರಬೇಕಾದ ಮಾತು, ಯಾರೂ ನಗಲಿಲ್ಲ. ನಾಲ್ಕು ಕಾಳು ಚುರಮುರಿ ತಿಂದು, ನೀರು ಕುಡಿದು, ಕಾಲು ಗಂಟೆ ಕಾದು, ಎರಡನೆಯ ಲೋಟದ್ದನ್ನೂ ಹಾಗೆಯೇ ನುಂಗಿದರು. ಈ ಸಲ ಅವರ ಮುಖ ಮೆಲ್ಲಗೆ ಬಿಚ್ಚಿಕೊಂಡಿತು. ಹದಿನಾಲ್ಕು ವರ್ಷ ಅಂಗಳದಲ್ಲೇ ನಿಂತು ಮಾತಾಡಿಸಿದ ಮನೆಯೊಳಗೆ ಮೊದಲ ಸಲ ಕಾಲಿಟ್ಟವರ ಹಾಗೆ, ಅವರು ಸುಮ್ಮನೆ ಸುತ್ತಲೂ ನೋಡಿದರು.

"ಇದು ಬರೋಬರ್ ಇತ್ತು, ನಂದೀಶಪ್ಪಾ. ಇದಕ್ಕ ಕೈ ಹಚ್ಚಬಾರದಿತ್ತು. ಹಚ್ಚಿಸಿದಾಂವ ನಾ."

"ನಾನೂ ಯೋಚನೆ ಮಾಡ್ಬೇಕಿತ್ತು ಸಾರ್," ಎಂದ ನಂದೀಶ.

"ಅದನ್ನ ನೀ ಬರಿ. ನಂದು ನಾ ಬರೀತೀನಿ."

ಅಲ್ಲೇ ಕುಳಿತು ದೇಶಮುಖರಿಗೆ ಪತ್ರ ಬರೆದರು. ತೊಂಬತ್ತೊಂದರಿಂದ ಈವರೆಗೆ ಕಹಿಯ ಬಗ್ಗೆ ತಾವು ಕೊಟ್ಟ ಅಭಿಪ್ರಾಯಗಳೆಲ್ಲ ಅರ್ಧ ತಿಳಿವಳಿಕೆಯವು. ದೊಡ್ಡ ತೊಟ್ಟಿ ಕೆಟ್ಟದ್ದು ತಮ್ಮ ಮಾತಿನಿಂದ. ಸಣ್ಣ ತೊಟ್ಟಿಯ ಬಿಯರು ತಮ್ಮ ಜೀವನದಲ್ಲಿ ಕಂಡ ಉತ್ತಮ ಬಿಯರು, ಅದನ್ನು ಇದ್ದಂತೆಯೇ ಮತ್ತೊಮ್ಮೆ ಮಾಡಲು ಹುಡುಗನಿಗೆ ಅವಕಾಶ ಕೊಡಬೇಕು. ತಮ್ಮನ್ನು ರುಚಿಯ ಮೇಜಿನಿಂದ ತೆಗೆಯಬೇಕು. ನಂದೀಶ ಉಳಿದುಕೊಂಡ. ಅವನ ಬಿಯರು ಮುಂಬಯಿಯ ನಾಲ್ಕಾರು ಹೋಟೆಲುಗಳಲ್ಲಿ ಎರಡು ವರ್ಷ ನಡೆದು ನಿಂತಿತು. ಗಲಗಲಿಯವರು ಕಾರ್ಖಾನೆಯ ನೀರಿನ ಪರೀಕ್ಷೆಗೆ ಹೋದರು, ನಿವೃತ್ತಿಯವರೆಗೂ ಅಲ್ಲಿಯೇ ಇದ್ದರು. ಆ ಎರಡು ಗುಟುಕಿನ ಮರುದಿನ ಪಂಚಗವ್ಯ ತೆಗೆದುಕೊಂಡರೆಂದು ತುಂಗಾಬಾಯಿಯಿಂದ ತಿಳಿಯಿತು. ಅವರಾಗಿ ಅದನ್ನು ಎಲ್ಲಿಯೂ ಹೇಳಲಿಲ್ಲ. ನಾವು ನಾಲ್ವರು ಯಾವ ಪತ್ರವನ್ನೂ ಬರೆಯಲಿಲ್ಲ.

ತಮ್ಮ ಸುತ್ತ ಗೆರೆ ಎಳೆದುಕೊಂಡು ಬದುಕುವ ಇಂಥವರನ್ನು ನಾವು ಹಳೆಯ ಕಾಲದವರೆಂದು ನಗುತ್ತೇವೆ. ಆದರೆ ಗೆರೆ ಎಳೆದುಕೊಂಡವರಿಗೆ, ಒಮ್ಮೆ ಆ ಗೆರೆ ಕಣ್ಣಿಗೆ ಬಿದ್ದರೆ, ತಮಗೆ ತಿಳಿಯದ್ದು ಎಲ್ಲಿಂದ ಆರಂಭವಾಗುತ್ತದೆ ಎಂಬುದು ಖಚಿತವಾಗಿ ಗೊತ್ತಾಗುತ್ತದೆ. ಅದನ್ನು ಹೇಳಿಬಿಡಲು ಅವರು ಹಿಂಜರಿಯುವುದಿಲ್ಲ. ಯಾವ ಗೆರೆಯೂ ಇಲ್ಲದ ನಮ್ಮಂಥವರು ಎಲ್ಲವನ್ನೂ ರುಚಿ ನೋಡಿರುತ್ತೇವೆ, ಸರಿ ತಪ್ಪು ಎರಡೂ ನಮಗೆ ಮೊದಲೇ ತಿಳಿದಿರುತ್ತದೆ, ಮತ್ತು ಸುಮ್ಮನಿರುತ್ತೇವೆ. ಅವರು ಅಪರೂಪದವರೆಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಾಗದು. ಪ್ರತಿ ಕಚೇರಿಯಲ್ಲಿಯೂ ಅಂಥವರೊಬ್ಬರು ಇರುತ್ತಾರೆ. ಅವರ ತಪ್ಪಿನ ಕೆಳಗೆ ತಿಳಿದೂ ತಿಳಿದೂ ಸಹಿ ಹಾಕುವ ನಾಲ್ವರೂ ಇರುತ್ತಾರೆ. ಅವರು ಒಬ್ಬರೇ ಎದ್ದು ನಿಂತು ತಪ್ಪು ತಮ್ಮದೆಂದ ಮೇಲೆ, ಎಂಥ ದೊಡ್ಡ ಮನುಷ್ಯರು ಎಂದು ಕೊಂಡಾಡಲು ಕೂರುವವರೂ ಆ ನಾಲ್ವರೇ, ಈಗ ನಾನು ಕುಳಿತಿರುವ ಹಾಗೆ.