ಪಂಚಮಿಗೆ ತಂದ ಜೇನುತುಪ್ಪ

ನಮ್ಮಣ್ಣ ಮಾಣಿಕಪ್ಪ ಬದುಕೆಲ್ಲ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಗುಳಿಗೆಗೆ ಬೇಕಾದ ಪುಡಿ ತಯಾರಿಸಿದ. ತನಗೇ ಸಕ್ಕರೆ ಕಾಯಿಲೆ ಬಂದಾಗ ಮಾತ್ರ ಒಂದು ಗುಳಿಗೆಯನ್ನೂ ನುಂಗಲಿಲ್ಲ. "ಡ್ರಮ್ಮಿನಾಗ ಏನೇನ್ ಸುರೀತಾರಂತ ನಾ ಕಣ್ಣಾರೆ ಕಂಡೀನಿ. ನಿಮಗೇನ್ ಗೊತ್ತೈತಿ?" ಎನ್ನುತ್ತಿದ್ದ. ಹೃದಯದ ನಾಳ ಕಟ್ಟಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೂ ಅದೇ ಹಟ. ಡಾಕ್ಟರು ಕೊಟ್ಟ ಗುಳಿಗೆಗಳನ್ನು ಮೋರಿಗೆ ಎಸೆದ. ಯಾರೋ ಮೊಬೈಲಿಗೆ ವಿಡಿಯೋ ಕಳಿಸಿದ್ದರಂತೆ, ಜೇನುತುಪ್ಪ ಹೃದಯದ ನಾಳ ತೊಳೆಯುತ್ತದಂತೆ, ಸಕ್ಕರೆ ಇಳಿಸುತ್ತದಂತೆ. ದಿನಾ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಕಲೋಂಜಿ, ಅಂದರೆ ಕಹಿ ಕರಿಜೀರಿಗೆಯ ಪುಡಿ ಕಲಸಿದ ಜೇನುತುಪ್ಪ ನೆಕ್ಕತೊಡಗಿದ. ಕಲಸಿ ಕೊಡುವ ಕೆಲಸ ಅವನ ಹೆಂಡತಿ, ನಮ್ಮ ವೈನಿ ಗೋದಾಬಾಯಿಯದು.

ನೋಡಿದರೆ ಅವನ ಸಕ್ಕರೆ ನಿಜಕ್ಕೂ ಇಳಿಯಿತು! ಬಿಪಿ ಕೂಡ ಹತೋಟಿಗೆ ಬಂತು. ಇನ್ನು ಕೇಳಬೇಕೆ? ಫೋನಿನಲ್ಲಿ ಲ್ಯಾಬಿನ ರಿಪೋರ್ಟ್ ಇಟ್ಟುಕೊಂಡು ಕಂಡಕಂಡವರ ಮೂಗಿಗೆ ಹಿಡಿಯುತ್ತ ತಿರುಗಿದ.

ನನಗೂ ಅದೇ ಕಾಯಿಲೆ. ಮಣಿಕೊಂಡದಲ್ಲಿ ರಸ್ತೆ ಬದಿಗೆ ಬಂಡಿ ಇಟ್ಟುಕೊಂಡು ಜೋಳದ ರೊಟ್ಟಿ ಬಡಿದು ಮಾರುವವಳು ನಾನು. ಗಂಡ ಸತ್ತ ಮೇಲೆ ಮಗಳು ರಶ್ಮಿಯನ್ನು ಓದಿಸಿದ್ದು ಈ ಕಾಲುಗಳ ಮೇಲೆ ನಿಂತೇ. ಆದರೆ ಸಕ್ಕರೆಯ ಗುಳಿಗೆ ನುಂಗಿದರೆ ಹೊಟ್ಟೆ ಕೆಡುತ್ತಿತ್ತು. ಹೆಂಚಿನ ಮೇಲೆ ರೊಟ್ಟಿ, ಎದುರಿಗೆ ಗಿರಾಕಿ, ಹೊಟ್ಟೆಯಲ್ಲಿ ಗುಡುಗುಡು. ಆ ರಸ್ತೆಯಲ್ಲಿ ಹೆಂಗಸೊಬ್ಬಳು ಎಲ್ಲಿಗೆ ಓಡಬೇಕು? ಡಾಕ್ಟರಿಗೆ ಹೇಳಲೂ ನಾಚಿಕೆ.

ನಮ್ಮ ಬೀದರ ಕಡೆ ಪಂಚಮಿಗೆ ಅಣ್ಣ ತಂಗಿಗೆ ಏನಾದರೂ ತರಲೇಬೇಕು. ಆ ವರ್ಷ ಸೀರೆ ತರಲಿಲ್ಲ, ಎರಡು ದೊಡ್ಡ ಬಾಟಲಿ ಜೇನುತುಪ್ಪ ತಂದ.

"ಗುಳಿಗಿ ಬಿಟ್ಬಿಡು ತಂಗಿ. ನನ್ನ ನೋಡು, ಹೆಂಗದೀನಿ!" ಎಂದ.

ವೈನಿ ಅವನ ಹಿಂದೆ ನಿಂತಿದ್ದಳು. "ಡಾಕ್ಟರಿಗೆ ಒಂದ್ ಮಾತು ಕೇಳಿದ್ರ ಚಲೋ..." ಎಂದಳು.

"ನೀ ಸುಮ್ನಿರು" ಎಂದು ಅಣ್ಣ ಗದರಿದ. ಅವಳು ಸುಮ್ಮನಾದಳು. ಆಗಬಾರದಿತ್ತು.

ತವರಿನವರು ಪ್ರೀತಿಯಿಂದ ಕೊಟ್ಟದ್ದು, ಬೇರೆ ಮಾತೇ ಇಲ್ಲ. ಗುಳಿಗೆ ಬಿಟ್ಟೆ. ಹೊಟ್ಟೆ ಸರಿಹೋಯಿತು. ಜೇನುತುಪ್ಪವೇ ಸರಿಮಾಡಿತು ಎಂದು ಹಿಗ್ಗಿ, ಬೆಳಿಗ್ಗೆ ಒಂದು ಚಮಚದ ಜೊತೆ ಸಂಜೆಗೂ ಒಂದು ಚಮಚ ಸೇರಿಸಿದೆ. ಬಾಯಾರಿಕೆ ಹೆಚ್ಚಾಯಿತು, ಪಾದ ಜೋಮು ಹಿಡಿದಂತಾಯಿತು. ಒಲೆ ಮುಂದೆ ನಿಲ್ಲುವವಳಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಮನೆಗೆ ಬಂದೆ. ರಶ್ಮಿ ಚೀರಿದಳು: "ಅವ್ವಾ, ನೆಲದ ತುಂಬ ರಕ್ತ ಐತಿ!" ಚಪ್ಪಲಿಯ ಮೊಳೆ ಎದ್ದು ಪಾದಕ್ಕೆ ಚುಚ್ಚಿಕೊಂಡಿತ್ತು. ಅದನ್ನೇ ಮೆಟ್ಟಿಕೊಂಡು ದಿನವಿಡೀ ನಿಂತಿದ್ದೆ, ಗೊತ್ತೇ ಆಗಿರಲಿಲ್ಲ. ಅರಿಶಿನ ಒತ್ತಿದೆ. ಗಾಯ ಒಣಗಲಿಲ್ಲ, ವಾಸನೆ ಹಿಡಿಯಿತು, ಬೆರಳು ಕಪ್ಪಾಯಿತು. ಆಗ ಆಸ್ಪತ್ರೆಗೆ ಹೋದದ್ದು.

ಡಾಕ್ಟರ್ ಸೂರ್ಯನಾರಾಯಣ ತೆಲುಗಿನವರು, ತಾಳ್ಮೆಯ ಮನುಷ್ಯ. ಜೇನುತುಪ್ಪವೂ ಮೈಗೆ ಹೋದರೆ ಸಕ್ಕರೆಯೇ ಅಮ್ಮಾ, ಚೂರು ನೆಕ್ಕಿದ್ದರೆ ಇಷ್ಟಾಗುತ್ತಿರಲಿಲ್ಲ, ಅದನ್ನು ನಂಬಿ ಗುಳಿಗೆ ಬಿಟ್ಟೆಯಲ್ಲ, ಅದೇ ತಪ್ಪಾಯಿತು ಎಂದರು. ಕೀವು ನಿಂತರೆ ಪಾದ ಉಳಿಯುತ್ತದೆ, ನಿಲ್ಲದಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕು. ಕಾಲಿಲ್ಲದೆ ನಾನು ರೊಟ್ಟಿ ಬಡಿಯುವುದು ಹೇಗೆ ಶಿವನೇ ಎಂದು ಎದೆ ಒಡೆದು ಅತ್ತೆ.

ರಶ್ಮಿ ಕೆಲಸಕ್ಕೆ ಹೋದಾಗ ವೈನಿ ಬಂದು ಕೂರುತ್ತಿದ್ದಳು. ನನ್ನ ತಲೆಯಲ್ಲಿ ಒಂದೇ ಹುಳ.

"ಅದೇ ಜೇನತುಪ್ಪ, ಅದೇ ಕಲೋಂಜಿ. ಅಣ್ಣಗ ಹೆಂಗ ಇಳೀತು ವೈನಿ? ನನಗ್ಯಾಕ ಹಿಂಗಾತು?"

ಮೋಸಂಬಿ ಸುಲಿಯುತ್ತಿದ್ದ ಅವಳ ಕೈ ನಿಂತಿತು. "ಅದೇ ಅಲ್ಲ" ಎಂದಳು.

"ಮತ್ತ?"

"ನಾ ಮತ್ತ ಗುಳಿಗಿ ತರಿಸಿ ಚೀಲದಾಗ ಮುಚ್ಚಿಟ್ಕೊಂಡೀನಿ. ದಿನಾ ಕುಟ್ಟಿ ಕಲಸ್ತೀನಿ. ಸಕ್ರೀದು, ಹಾರ್ಟಿಂದು, ಎಲ್ಲಾ. ಕಹಿ ಹತ್ತಿದ್ರ ಕಲೋಂಜೀದಂತ ತಿಳ್ಕೊಂತಾರ."

ಮೊಣಕೈ ಊರಿ ಎದ್ದು ಕುಳಿತೆ. "ಪಂಚಮಿ ದಿನ ಬಾಯಿಗೇನ್ ಬೀಗ ಹಾಕ್ಕೊಂಡಿದ್ದಿ?"

"ಹೇಳಿದ್ರ ಅವ್ರು ಜೇನತುಪ್ಪ ಸುದ್ದಾ ಮುಟ್ತಿದ್ದಿಲ್ಲ. ಇನ್ನೊಮ್ಮಿ ಎದಿ ಹಿಡ್ಕೊಂಡ್ರ ಉಳಿಯಂಗಿಲ್ಲಂತ ಡಾಕ್ಟರ್ ಹೇಳ್ಯಾರ. ನೀ ಗುಳಿಗಿ ಬಿಟ್ಟಿರಲಿಕ್ಕಿಲ್ಲ ಅಂದ್ಕೊಂಡೆ. ನನ್ನ ಕುಂಕುಮ ನಾ ನೋಡ್ಕೊಂಡೆ ಸುಭದ್ರಾ. ನಿನ್ನ ಕಾಲಿಗಿ ಬೀಳ್ತೀನಿ, ಅವ್ರಿಗಿ ಹೇಳಬ್ಯಾಡ."

"ಯಾವ ಕಾಲಿಗಿ ಬೀಳ್ತಿ? ನಡಿ ಆಚಿಗಿ!" ಎಂದು ಕೂಗಿದೆ. ಆದರೆ ಅಣ್ಣನಿಗೆ ಹೇಳಲಿಲ್ಲ. ಎಷ್ಟಾದರೂ ಒಡಹುಟ್ಟಿದವನು. ಅವನು ಸತ್ತರೆ ನನ್ನ ಕಾಲು ಉಳಿಯುವುದೇ?

ಕೀವು ನಿಲ್ಲಲಿಲ್ಲ. ಮೊಣಕಾಲಿನ ಕೆಳಗೆ ತೆಗೆದರು.

ಅಣ್ಣ ಬಂದ. ಹೊದಿಕೆಯ ಒಂದು ಕಡೆ ಚಪ್ಪಟೆಯಾಗಿ ಬಿದ್ದಿದ್ದನ್ನು ಕಂಡು ಹುಡುಗನಂತೆ ಬಿಕ್ಕಿಬಿಕ್ಕಿ ಅತ್ತ. ಆಮೇಲೆ ಕಣ್ಣೊರೆಸಿಕೊಂಡು, "ನೀ ಕುದಿಯೋ ನೀರಿನ್ಯಾಗ ಹಾಕ್ಕೊಂಡಿರಬೇಕು ತಂಗಿ. ಬಿಸಿ ತಾಗಿದ್ರ ಜೇನತುಪ್ಪ ಕೆಡ್ತೈತಿ. ಇಲ್ಲಾಂದ್ರ ಹಿಂಗ ಆಗಾಕ ಶಕ್ಯನೇ ಇಲ್ಲ" ಎಂದ.

ಆ ಮಾತನ್ನೂ ನುಂಗಿದೆ.

ಪಕ್ಕದ ಮಂಚದಲ್ಲಿ ಪಾರ್ವತಿಬಾಯಿ ಇದ್ದಳು, ನಮ್ಮ ಕಡೆಯವಳೇ, ಕಾಯಿಲೆಯೂ ನನ್ನದೇ. ಅವಳಿಗೆ ಬರೀ ಬೆರಳಿಗೆ ಪಟ್ಟಿ ಕಟ್ಟಿದ್ದರು, ಪಾದ ಇನ್ನೂ ಇತ್ತು. "ನಿಮಗ ಜೇನತುಪ್ಪದಿಂದ ಖರೇನ ಸಕ್ರಿ ಇಳೀತೇನ್ರಿ ಅಣ್ಣಾರ?" ಎಂದು ಕೇಳಿದಳು.

ಅಣ್ಣನ ಮುಖ ಅರಳಿತು. ಕಿಸೆಯಿಂದ ಫೋನು ತೆಗೆದ. "ನನ್ನ ರಿಪೋರ್ಟ್ ನೋಡ್ರಿ ಬಾಯಿ. ಒಂದ ಗುಳಿಗಿ ಮುಟ್ಟಿಲ್ಲ ನಾ."

ವೈನಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನ ಬೇಡಿಕೆ ನನಗೆ ತಿಳಿಯಿತು. ಪಾರ್ವತಿಬಾಯಿಯ ಪಾದವೂ ಕಾಣುತ್ತಿತ್ತು.

"ಅಣ್ಣಾ, ಫೋನ್ ಒಳಗಿಡು" ಎಂದೆ. "ನಿನ್ನ ಸಕ್ರಿ ಇಳಿಸಿದ್ದು ಗುಳಿಗಿ. ವೈನಿ ದಿನಾ ಜೇನತುಪ್ಪದಾಗ ಕುಟ್ಟಿ ಹಾಕ್ಯಾಳ."

ಅಣ್ಣ ನಕ್ಕ. ಹೆಂಡತಿಯ ಕಡೆ ತಿರುಗಿದ. ಅವಳು ತಲೆ ಎತ್ತಲಿಲ್ಲ. ಅವನು ಮಂಚದ ಮೇಲೆ ಕುಸಿದ, ನನ್ನ ಪಾದ ಇರಬೇಕಾಗಿದ್ದ ಜಾಗದಲ್ಲಿಯೇ.

"ಇವತ್ತ ಮುಂಜಾನಿನೂ?" ಎಂದ.

"ಹೂಂ ರೀ" ಎಂದಳು ವೈನಿ.

"ನನಗ ಮೋಸ ಮಾಡಿ ತಿನಿಸಿದಿ. ಇನ್ಮ್ಯಾಲೆ ನಿನ್ನ ಕೈಯಾಗಿನ ನೀರು ಸುದ್ದಾ ಮುಟ್ಟಂಗಿಲ್ಲ!" ಎನ್ನುತ್ತ ಎದ್ದು ಹೊರಟ. ವೈನಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಹೆದರಿದ್ದು ಇದಕ್ಕೇ.

"ಮಾಣಿಕಪ್ಪಾ!" ಎಂದೆ. ಹುಟ್ಟಿದಂದಿನಿಂದ ಅವನನ್ನು ನಾನು ಹೆಸರು ಹಿಡಿದು ಕರೆದವಳಲ್ಲ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅವನು ಬಾಗಿಲಲ್ಲೇ ನಿಂತ.

"ನನ್ನ ಕಾಲು ಕೊಟ್ಟು ಹೋಗು."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಕೊಡಾಕ ಆಗಂಗಿಲ್ಲಲ್ಲ? ಹಂಗಾರ ಬಾ ಇಲ್ಲಿ. ವೈನಿ, ನಿನ್ನ ಚೀಲದಾಗಿನ ಗುಳಿಗಿ ತಗಿ. ಇವತ್ತ ರಾತ್ರೀದು."

ಅವನು ಬಂದ. ಅಂಗೈಯಲ್ಲಿ ಗುಳಿಗೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ನಾಲಿಗೆಯ ಮೇಲೆ ಇಟ್ಟ. ವಾಕರಿಕೆ ಬಂತು. ವೈನಿ ನೀರಿನ ಲೋಟ ಹಿಡಿದಳು.

"ಬ್ಯಾಡ, ಇಡು ಅದನ್ನ. ನಿನ್ನ ಕೈಯಾಗಿನ ನೀರು ಮುಟ್ಟಂಗಿಲ್ಲಂತ ಅಂದಾನಲ್ಲ" ಎಂದೆ.

ಕಣ್ಣಲ್ಲಿ ನೀರು ಬಂದರೂ ನುಂಗಿದ. ನನಗೆ ಕರುಣೆ ಬರಲಿಲ್ಲ. ಬಾಯಿ ತೆಗೆದು ತೋರಿಸು ಎಂದೆ, ತೋರಿಸಿದ.

"ನಾಳಿ ಮತ್ತ ಬಾ. ನನ್ನ ಕಣ್ಣೆದುರಿಗೇ ನುಂಗಬೇಕು. ನಾ ಇನ್ನ ಎಲ್ಲಿಗಿ ಹೋಗ್ತೀನಿ, ಇಲ್ಲೇ ಇರ್ತೀನಿ."