ಎಲಿಹು ಕ್ರಾಸ್ಬಿಯ ಪುರಾತನ ಷೆಡ್ಡು

ವೀಕಸೆಟ್ ಊರಿಗೆ ಸೇರಿದ ಏಳು ಹಳ್ಳಿಗಳಲ್ಲಿ ಉತ್ತರ ಹಳ್ಳಿಯವರ ಗತ್ತೇ ಬೇರೆ. ಅಲ್ಲಿ ಹಳೆಮನೆ ಸಮಿತಿಯ ಅಪ್ಪಣೆಯಿಲ್ಲದೆ ಬಾಗಿಲಿಗೆ ಬಣ್ಣ ಬಳಿಯುವಂತಿಲ್ಲ. ಬಿಳಿಯಲ್ಲೇ ಹನ್ನೊಂದು ಬಿಳಿಗಳಿದ್ದು, ಸಮಿತಿ ಒಪ್ಪುವುದು ನಾಲ್ಕನ್ನು ಮಾತ್ರ. ಹೋದ ವರ್ಷ ಯಾರೋ ಪುಣ್ಯಾತ್ಮ ಐದನೆಯದನ್ನು ಬಳಿದು, ಇಡೀ ಮನೆ ಕೆರೆಸಿ ಮತ್ತೆ ಬಳಿಸಿದ. ಇಂಥ ಸಮಿತಿಯ ಮುಂದೆ ಎಪ್ಪತ್ತಮೂರರ ಎಲಿಹು ಕ್ರಾಸ್ಬಿ ತನ್ನ ಹಿತ್ತಲಿನ ಷೆಡ್ಡು ಕೆಡವಲು ಅರ್ಜಿ ಹಾಕಿದ್ದ.

ಅವನ ಮನೆ ಹಡಗಿನ ಕಪ್ತಾನನೊಬ್ಬ ಕಟ್ಟಿಸಿದ್ದು, ಇನ್ನೂರು ವರ್ಷ ದಾಟಿದೆ. ಅದರ ಅಡುಗೆಮನೆ ಕಿಟಕಿಯಿಂದ ಕಡಲು ಕಾಣಬೇಕು. ಕಾಣುವುದು ಷೆಡ್ಡಿನ ಬೆನ್ನು. ಬಾಸ್ಟನ್ನಿನಿಂದ ಬಂದ ದಂಪತಿ ಆ ದರಿದ್ರ ಷೆಡ್ಡು ಹೋದರೆ ಮಾತ್ರ ಮನೆ ಕೊಳ್ಳುತ್ತೇವೆಂದು ದಲ್ಲಾಳಿ ಗ್ಲಾಡಿಸ್‌ಗೆ ಹೇಳಿ ಹೋಗಿದ್ದರು.

ಎಲಿಹುವಿಗೆ ದುಡ್ಡಿನ ಆಸೆಯಿರಲಿಲ್ಲ. ಅವನಿಗೆ ಬೇಕಾಗಿದ್ದವಳು ದಕ್ಷಿಣ ಹಳ್ಳಿಯ ಫಿಲೊಮಿನಾ ಫುರ್ಟಾಡೊ, ಅರುವತ್ತೆಂಟರ ಹೆಂಗಸು. ಎರಡು ವರ್ಷದ ಹಿಂದೆ, ಕಡಲಿಳಿತದ ಹೊತ್ತಿನಲ್ಲಿ ಅವನು ಮರಳು ಬಗೆದು ಚಿಪ್ಪುಮೀನು ಹೆಕ್ಕುತ್ತಿದ್ದಾಗ, "ನಿನ್ನ ಬಕೆಟ್ಟಲ್ಲಿ ಅರ್ಧ ಬರೀ ಕಲ್ಲು, ಕಣ್ಣು ಕಾಣಲ್ವ?" ಎಂದು ಬೈದಿದ್ದಳು. ಅಂದಿನಿಂದ ಅವನು ಅವಳ ಮನೆಯ ಸೊಪ್ಪಿನ ಸೂಪಿಗೆ ವಾರಕ್ಕೆರಡು ಸಲ ಹಾಜರು. ಮದುವೆಗೂ ಅವಳು ಒಪ್ಪಿದ್ದಳು, ಒಂದು ಷರತ್ತಿನ ಮೇಲೆ.

"ನಿನ್ನ ಆ ಬಿಳೀ ಹಳ್ಳೀಲಿ ನಾನು ಒಂದು ದಿನಾನೂ ಇರಲ್ಲ. ನಮ್ಮಪ್ಪನ್ನ ಕಳ್ಳ ಅಂದ ಜನ ಅವರು. ಮನೆ ಮಾರಿ ಈ ಕಡೆ ಬಾ."

ಅವಳ ಅಪ್ಪ ಜೋಕಿಂ ಉತ್ತರ ಹಳ್ಳಿಯ ಚರ್ಚಿಗೆ ಬಡಗಿಯಾಗಿದ್ದವನು. 1969ರಲ್ಲಿ ಚರ್ಚಿನ ನೆಲ ರಿಪೇರಿಗೆಂದು ಹೊರಗೆ ಪೇರಿಸಿಟ್ಟಿದ್ದ ಪುರಾತನ ಬೆಂಚುಗಳು ಮಾಯವಾದವು. ಪುರಾವೆ ಇರಲಿಲ್ಲ, ಬಡಗಿಗೆ ಪೋರ್ಚುಗೀಸ್ ಹೆಸರಿತ್ತು, ಅಷ್ಟು ಸಾಕಾಯಿತು. ಕೆಲಸ ಕಳೆದುಕೊಂಡ ಜೋಕಿಂ ಸಾಯುವ ತನಕ ಮೀನಿನ ಗೋದಾಮಿನಲ್ಲಿ ಚಿಪ್ಪುಮೀನು ಬಿಡಿಸಿಕೊಂಡಿದ್ದ.

ಬೆಂಚುಗಳು ಎಲ್ಲಿ ಹೋದವೆಂದು ಎಲಿಹುವಿಗೆ ಗೊತ್ತಿತ್ತು. ಆಗ ಹದಿನೆಂಟರ ಪುಂಡನಾಗಿದ್ದವನು ಇಬ್ಬರು ಗೆಳೆಯರ ಜೊತೆ ಅವನ್ನು ಹೊತ್ತು ತಂದು, ಕದ್ದು ಬಿಯರ್ ಕುಡಿಯಲು ಷೆಡ್ಡು ಕಟ್ಟಿದ್ದ. ಜೋಕಿಂನ ಮೇಲೆ ಅಪವಾದ ಬಂದಾಗ ಹೆದರಿ ಬಾಯಿ ಮುಚ್ಚಿಕೊಂಡವನು ಇವತ್ತಿನವರೆಗೂ ತೆರೆದಿರಲಿಲ್ಲ. ಷೆಡ್ಡು ಕೆಡವಿದರೆ ಪಾಪವೂ ಮಣ್ಣಾಗುತ್ತದೆ, ಫಿಲೊಮಿನಾಗೆ ಗೊತ್ತಾಗುವುದೂ ಇಲ್ಲ ಎಂದು ಲೆಕ್ಕ ಹಾಕಿದ್ದ, ಹೇಡಿ.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ಗ್ಲಾಡಿಸ್ ಪಕ್ಕ ಫಿಲೊಮಿನಾ ಕೂತಿದ್ದಳು. ಸಮಿತಿಯ ಅಧ್ಯಕ್ಷೆ ಪ್ರುಡೆನ್ಸ್ ವಿನ್ಸ್ಲೋ ಭೂತಗನ್ನಡಿ ಹಿಡಿದು ಮೂರು ದಿನ ಷೆಡ್ಡಿನೊಳಗೆ ತೆವಳಾಡಿ ಬಂದಿದ್ದಳು.

"ಇದು ಷೆಡ್ಡಲ್ಲ!" ಎಂದಳು. "ತಿಮಿಂಗಿಲ ಬೇಟೆಗಾರರು ಕೊಬ್ಬು ಕಾಯಿಸಿ ಎಣ್ಣೆ ತೆಗೀತಿದ್ದ ಮನೆ! ಕೈಯಲ್ಲೇ ಬಡಿದು ಮಾಡಿದ ಹಳೇ ಮೊಳೆ, ನೆಲದ ಮೇಲೆ ಎಣ್ಣೆ ಕಲೆ. ಕಿಟಕಿ ಓರೆಯಾಗಿದೆಯಲ್ಲ, ಕಡಲ ಮೇಲೆ ಕಣ್ಣಿಡೋಕೆ ಅಂತಲೇ ಹಾಗೆ ಕೂರಿಸಿದ್ದಾರೆ. ಎಂಥ ಜಾಣರು ನಮ್ಮ ಹಿರಿಯರು!"

ಕಿಟಕಿ ಓರೆಯಾದದ್ದು ಮೂವರೂ ಕುಡಿದಿದ್ದಕ್ಕೆ. ಎಲಿಹು ಟೋಪಿ ಹಿಂಡುತ್ತ ನೆಲ ನೋಡಿದ.

"ಇದನ್ನ ಕೆಡವೋ ಮಾತೇ ಇಲ್ಲ," ಎಂದಳು ಪ್ರುಡೆನ್ಸ್. ಗ್ಲಾಡಿಸ್ ಹಣೆ ಚಚ್ಚಿಕೊಂಡಳು. ಪ್ರುಡೆನ್ಸ್ ಮುಂದುವರಿಸಿದಳು: "ಇಂಥ ಹಲಗೆ ಇದ್ದದ್ದು ನಮ್ಮ ಚರ್ಚಲ್ಲಿ ಮಾತ್ರ. ಏನ್ಮಾಡೋದು, ಆ ಬೆಂಚುಗಳನ್ನ ಆ ಫುರ್ಟಾಡೊ ಹೊತ್ಕೊಂಡು ಹೋಗಿ ಒಲೆಗೆ ಹಾಕ್ಬಿಟ್ಟ."

ಫಿಲೊಮಿನಾ ಕೈಚೀಲ ಎತ್ತಿಕೊಂಡು ಎದ್ದಳು, ಅಷ್ಟೆ.

"ಫಿಲೊಮಿನಾ, ನಿಂತ್ಕೋ!" ಎಂದು ಎಲಿಹು ಎದ್ದುನಿಂತ. "ಆ ಬೆಂಚು ಕದ್ದವನು ನಾನು. ಅದರಿಂದಲೇ ಆ ಷೆಡ್ಡು ಕಟ್ಟಿದ್ದು. ಅದು ಎಣ್ಣೆ ಕಲೆ ಅಲ್ಲ ಪ್ರುಡೆನ್ಸ್, ನಿಮ್ಮಣ್ಣ ವಾಂತಿ ಮಾಡಿದ್ದು."

ಮೂರು ದಿನ ಆ ಕಲೆಯ ಮೇಲೆ ಮೂಗಿಟ್ಟಿದ್ದ ಪ್ರುಡೆನ್ಸ್ ಕರವಸ್ತ್ರ ಹುಡುಕಿದಳು. ಆಮೇಲೆ ಒಮ್ಮೆಲೇ ಮುಖ ಅರಳಿತು. "ಅಂದ್ರೆ ಅದು ಚರ್ಚಿನ ಮರವೇ! ಹಾಗಾದ್ರೆ ಮುಟ್ಟೋ ಹಾಗೇ ಇಲ್ಲ!"

"ಮಿಸ್ಟರ್ ಕ್ರಾಸ್ಬಿ," ಎಂದಳು ಫಿಲೊಮಿನಾ. ಎರಡು ವರ್ಷದಲ್ಲಿ ಅವಳು ಹಾಗೆ ಕರೆದದ್ದು ಅದೇ ಮೊದಲು. "ನಮ್ಮಪ್ಪನ ಹೆಸರು ಪೂರ್ತಿ ಹೇಳಿ."

"ಜೋಕಿಂ ಮರಿಯಾ ಫುರ್ಟಾಡೊ. ಅವರು ಏನೂ ಕದ್ದಿಲ್ಲ."

"ಬರ್ಕೊಳ್ಳಿ ಮೇಡಂ. ಬರೆದದ್ದನ್ನ ಓದಿ."

ಪ್ರುಡೆನ್ಸ್ ಬರೆದಳು, ಓದಿದಳು. "ಗಟ್ಟಿಯಾಗಿ," ಎಂದಳು ಫಿಲೊಮಿನಾ. ಪ್ರುಡೆನ್ಸ್ ಗಟ್ಟಿಯಾಗಿ ಓದಿದ ಮೇಲೆ ಫಿಲೊಮಿನಾ ಹೊರಗೆ ನಡೆದಳು.

ಎಲಿಹು ಏದುಸಿರು ಬಿಡುತ್ತ ಹಿಂದೆ ಓಡಿದ. ಕಾರಿನ ಬಳಿ ಅವಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ಎಲ್ಲಾ ಗೊತ್ತಿದ್ದೂ ಎರಡು ವರ್ಷ ನನ್ನ ಕೈ ಸೂಪು ಕುಡಿದ್ರಲ್ಲ ನೀವು. ಬಾಯಿ ಬರ್ಲಿಲ್ವ?"

"ಹೇಳಿದ್ರೆ ಬಿಟ್ಟು ಹೋಗ್ತೀಯ ಅಂತ ಭಯ."

"ಹೋಗ್ತಿದ್ದೆ! ಈಗ್ಲೂ ಹೋಗ್ಬೇಕು!" ಕೈಚೀಲದಿಂದ ಅವನ ತೋಳಿಗೊಂದು ಬಾರಿಸಿ, ಮೂಗು ಒರೆಸಿಕೊಂಡಳು. "ಭಾನುವಾರ ಆ ಚರ್ಚಲ್ಲಿ ಎಲ್ಲರ ಮುಂದೆ ಇನ್ನೊಂದ್ಸಲ ಹೇಳ್ಬೇಕು. ನಾನು ಮೊದಲನೇ ಸಾಲಲ್ಲಿ ಕೂತಿರ್ತೀನಿ."

"ಹೇಳ್ತೀನಿ."

ಅಷ್ಟರಲ್ಲಿ ಗ್ಲಾಡಿಸ್ ಓಡಿಬಂದಳು. "ಎಲಿಹು, ಬಾಸ್ಟನ್ನಿನವರು ಕೈ ಬಿಟ್ರು. ಆದ್ರೆ ಕಳ್ಳಮಾಲಿನ ಷೆಡ್ಡು ಅಂದ್ರೆ ಮುಗಿಬೀಳೋ ಗಿರಾಕಿಗಳೂ ಇದಾರೆ—"

"ಮನೆ ಮಾರಾಟಕ್ಕಿಲ್ಲ," ಎಂದಳು ಫಿಲೊಮಿನಾ.

ಎಲಿಹು ಬಾಯಿ ತೆರೆದ. "ಆದ್ರೆ ನೀನೇ ಆ ಹಳ್ಳೀಲಿ..."

"ಇಷ್ಟು ವರ್ಷ ನಾವು ಮುಖ ಮುಚ್ಕೊಂಡು ಓಡಾಡಿದ್ದು ಸಾಕು. ಇನ್ಮೇಲೆ ಅವರು ಮುಚ್ಕೊಳ್ಳಲಿ. ದಿನಾ ಬೆಳಿಗ್ಗೆ ಆ ಬೀದೀಲೇ ನಡೀತೀನಿ." ಕಾರಿನ ಬಾಗಿಲು ತೆಗೆದು ಒಳಗೆ ಕೂತು, ಗಾಜು ಇಳಿಸಿದಳು. "ನಾನು ಆ ಮನೇಲಿ ಇರ್ತೀನಿ. ನೀನು ಷೆಡ್ಡಲ್ಲಿ ಮಲಕ್ಕೋ. ಎಷ್ಟು ದಿನ ಅಂತ ಆಮೇಲೆ ಹೇಳ್ತೀನಿ."