ವನಜಾಕ್ಷಿಯ ವಸಡು

ತರೀಕೆರೆಯ ಹಲ್ಲಿನ ಡಾಕ್ಟರು ಮಾಲಿನಿ ಕೇಳಿದ್ದು ಬಹಳ ಸಣ್ಣ ಪ್ರಶ್ನೆ. "ವಸಡಲ್ಲಿ ರಕ್ತ ಎಷ್ಟು ದಿನದಿಂದ ಬರ್ತಿದೆ ಅಮ್ಮ?"

"ಆಸ್ಪತ್ರೆಯಿಂದ ಬಂದ್ಮೇಲೇ ಕಣಮ್ಮ. ಮಾತ್ರೆ ಬರ್ಕೊಡಿ ಸಾಕು, ಬಾಯಿ ನೋಡೋದೇನೂ ಬ್ಯಾಡ," ಎಂದಳು ವನಜಾಕ್ಷಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ.

ಮೂಲೆಯಲ್ಲಿ ನಿಂತಿದ್ದ ಗಂಡ ಕಾಂತರಾಜು ತಟ್ಟನೆ ಅವಳತ್ತ ತಿರುಗಿದ. ಶುದ್ಧ ಸುಳ್ಳು! ತಿಂಗಳ ಹಿಂದೆ ಹೃದಯಾಘಾತವಾಗಿ, ಸ್ಟೆಂಟ್ ಹಾಕಿಸಿಕೊಂಡು ಬಂದವಳು ಅವಳು. ರಕ್ತ ಅದಕ್ಕಿಂತ ಎಷ್ಟೋ ಹಿಂದಿನದು. ಬಚ್ಚಲಲ್ಲಿ ಅವಳು ಉಗುಳಿದ ಕೆಂಪು ನೀರನ್ನು ಅವನು ಆರು ವರ್ಷದಿಂದ ನೋಡಿದ್ದಾನೆ. ನೋಡಿಯೂ ಒಂದು ತಂಬಿಗೆ ನೀರು ಸುರಿದು ಸುಮ್ಮನಾಗಿದ್ದಾನೆ.

ಅವಳು ಯಾಕೆ ಮುಚ್ಚಿಡುತ್ತಾಳೆಂಬುದೂ ಅವನಿಗೆ ಗೊತ್ತು. ಅಜ್ಜಂಪುರದಲ್ಲಿ ಷಡ್ಡಕನ ಮನೆಯ ಗೃಹಪ್ರವೇಶದ ದಿನ ಹೆಂಗಸರೆಲ್ಲ ಸೇರಿ ದಂಪತಿಗಳಿಂದ ಹೆಸರು ಹೇಳಿಸುತ್ತಿದ್ದರು. ವನಜಾಕ್ಷಿ ನಾಚಿಕೊಂಡು, ಒಗಟು ಕಟ್ಟಿ, ಗಂಡನ ಹೆಸರು ಹೇಳಲು ಅವನತ್ತ ತಿರುಗಿದಳು. ಈ ಮಹಾನುಭಾವ ಮೂಗಿಗೆ ಕರ್ಚೀಫು ಒತ್ತಿಕೊಂಡು, "ಆ ಕಡೆ ತಿರುಗ್ಕೊಂಡು ಹೇಳೇ, ನನ್ನ ಹೆಸ್ರೂ ನಾತ ಹೊಡೀತದೆ" ಎಂದುಬಿಟ್ಟ. ಪಡಸಾಲೆಯೆಲ್ಲ ಘೊಳ್ಳೆಂದಿತು. ಅವನೂ ನಕ್ಕ. ಅಂದು ಬಾಯಿಗೆ ಸೆರಗು ಹಿಡಿದವಳು ಮತ್ತೆ ತೆಗೆಯಲಿಲ್ಲ. ಕಡೂರಿನ ನೆಂಟರು ಅದನ್ನೇ ನೋಡಿ, ಎಂಥಾ ಗೌರವಸ್ಥೆ ಎಂದು ಹೊಗಳಿದರೆ, ನಾಚಿಕೆಗೆಟ್ಟ ಗಂಡ ಮೀಸೆ ತಿರುವಿದ.

"ಹಾಗಾದ್ರೆ ರಕ್ತ ತೆಳು ಮಾಡೋ ಮಾತ್ರೆಯಿಂದ ಇರ್ಬಹುದು. ಹೃದಯದ ಡಾಕ್ಟ್ರನ್ನೇ ಕೇಳಿ," ಎನ್ನುತ್ತ ಮಾಲಿನಿ ಬರೆಯತೊಡಗಿದರು. "ಹಳೇದಾಗಿದ್ರೆ ಮಾತು ಬೇರೆ. ವಸಡಿನ ಸೋಂಕು ವರ್ಷಗಟ್ಟಲೆ ಇದ್ರೆ ಉರಿಯೂತ ಬಾಯಲ್ಲಷ್ಟೇ ನಿಲ್ಲಲ್ಲ, ರಕ್ತನಾಳಕ್ಕೂ ಕೆಟ್ಟದ್ದು. ಅದ್ರಿಂದ್ಲೇ ಹೃದಯಾಘಾತ ಆಯ್ತು ಅನ್ನೋಕಾಗಲ್ಲ, ಆದ್ರೆ ನಂಟಂತೂ ಇದೆ. ಹಾಗೇ ಬಿಟ್ರೆ ಅಪಾಯ."

ವನಜಾಕ್ಷಿಯ ಪಕ್ಕದಲ್ಲೇ ಮಗಳು ಹೇಮಶ್ರೀ ಕೂತಿದ್ದಳು. ಮಗಳೆದುರು ಹೇಗೆ ಹೇಳುವುದು? ಡಾಕ್ಟರು ಚೀಟಿ ಹರಿದು ಕೊಡುವುದರಲ್ಲಿದ್ದರು.

"ಆರು ವರ್ಷ ಆಯ್ತು ಮೇಡಂ," ಎಂದ ಕಾಂತರಾಜು. "ನಂಗೊತ್ತಿತ್ತು. ವಾಸ್ನೆ ಅಂತ ನಾಲ್ಕು ಜನದೆದ್ರು ಆಡ್ಕೊಂಡ್ನೇ ಹೊರ್ತು ಡಾಕ್ಟ್ರ ಹತ್ರ ಕರ್ಕೊಂಡು ಬರ್ಲಿಲ್ಲ. ಅದ್ಕೇ ಅವಳು ಯಾರ್ಗೂ ತೋರ್ಸಲ್ಲ."

ಹೇಮಶ್ರೀ ಅಪ್ಪನನ್ನೇ ನೋಡಿದಳು. ಅವನಿಗೆ ತಲೆ ಎತ್ತಲಾಗಲಿಲ್ಲ. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ, ಕುರ್ಚಿ ಹಿಂದಕ್ಕೆ ವಾಲಿಸಿ, ದೀಪ ಹಾಕಿದರು. "ಬಾಯಿ ತೆಗೀರಿ ಅಮ್ಮ."

ವನಜಾಕ್ಷಿ ತೆಗೆಯಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

"ಅವ್ರನ್ನ ಆಚೆ ಕಳ್ಸಮ್ಮ," ಎಂದಳು ಮಗಳಿಗೆ. "ಆಮೇಲೆ ತೆಗೀತೀನಿ."

ಕಾಂತರಾಜು ಹೊರಗೆ ಹೋಗಿ, ತಾನೇ ಬಾಗಿಲು ಎಳೆದುಕೊಂಡ.